ಬೂಟಿನ ಕೆಸರು

ಕಡಲ ದಂಡೆಯ ಕಾಲುದಾರಿಯಿಂದ ಬಂದ ಹತ್ತು-ಹದಿನೈದು ಜನ ಸಂತ ಬೊಟಾಲ್ಫನ ಚರ್ಚಿನ ಮುಂದೆ ನಿಂತು, ಕತ್ತೆತ್ತಿ ಗೋಪುರ ನೋಡಿ, "ನಾರ್ಮನ್ನರ ಕಾಲದ್ದು" ಎಂದು ತಮ್ಮತಮ್ಮಲ್ಲೇ ಒಪ್ಪಿಕೊಂಡು, ಫೋಟೊ ತೆಗೆದುಕೊಂಡರು. ಬಾಗಿಲಲ್ಲಿ ಕೆಟಲ್ ಹಿಡಿದು ನಿಂತಿದ್ದ ಎನಿಡ್ ಥರ್ಟಲ್, "ಒಳಗೆ ಬನ್ನಿ, ಟೀ ಇದೆ" ಎಂದಳು.

"ಅಯ್ಯೋ, ಬೇಡಮ್ಮ. ಬೂಟೆಲ್ಲ ಕೆಸರು. ನಿಮ್ಮ ನೆಲ ಹಾಳಾಗತ್ತೆ," ಎಂದು ಅವರ ಮುಂದಾಳು ಬಲು ವಿನಯದಿಂದ ಹೇಳಿದ. ಆಮೇಲೆ ಆ ಕೆಸರು ಬೂಟುಗಳೆಲ್ಲ ರಸ್ತೆ ದಾಟಿ ಎದುರಿನ 'ಮೂರು ಬಂಗುಡೆ' ಪಬ್ಬಿನೊಳಗೆ ಹೋದವು. ಅಲ್ಲಿಯ ನೆಲದ ಬಗ್ಗೆ ಯಾರಿಗೂ ಚಿಂತೆ ಹತ್ತಲಿಲ್ಲ. ಸಫೋಕಿನ ಕಡಲಂಚಿನ ಈ ದಾರಿಗೆ ಹೆಸರೇನೋ 'ಹಳೆಯ ಚರ್ಚುಗಳ ನಡಿಗೆ' ಎಂದು. ಊರಿಗೊಂದು ಚರ್ಚು, ಚರ್ಚಿಗೊಂದು ಪಬ್ಬು. ನಡೆಯುವವರು ಮೊದಲನೆಯದನ್ನು ಹೊರಗಿನಿಂದಲೇ ಮುಗಿಸಿಬಿಡುತ್ತಾರೆ.

ಚರ್ಚಿನ ಬೀಗದ ಕೈ ಎನಿಡ್ ಬಳಿಯಿತ್ತು. ಅವಳ ಜ್ಞಾನಸ್ನಾನ, ಮದುವೆ, ಗಂಡ ಹೆರಾಲ್ಡನ ಮಣ್ಣು ಎಲ್ಲ ಆದದ್ದು ಅಲ್ಲೇ. ಅವನ ಪಕ್ಕದಲ್ಲಿ ಅವಳಿಗೆಂದು ಒಂದಿಷ್ಟು ಜಾಗವೂ ಉಳಿದಿತ್ತು. ಭಾನುವಾರದ ಪ್ರಾರ್ಥನೆಗೆ ಅವಳನ್ನು ಬಿಟ್ಟರೆ ಕಿವಿ ಕೇಳದ ಅಕ್ಕತಂಗಿಯರಿಬ್ಬರು ಬರುತ್ತಿದ್ದರು, ಅಷ್ಟೇ. ಬಳಕೆಯಿಲ್ಲದ ಚರ್ಚುಗಳನ್ನು ಮುಚ್ಚುವುದೆಂದು ಬಿಷಪ್ಪರ ಕಚೇರಿ ತೀರ್ಮಾನಿಸಿತ್ತು. ನೋಡಿ ಹೋಗಲು ಅಧಿಕಾರಿಯೊಬ್ಬ ಮರುದಿನವೇ ಬರುವವನಿದ್ದ.

ಎನಿಡ್ ಕೆಟಲನ್ನು ಅಲ್ಲೇ ಕುಕ್ಕಿ ನೇರ ಪಬ್ಬಿಗೆ ನುಗ್ಗಿದಳು.

"ಕ್ಲೈವ್, ನನ್ ಬಾಗ್ಲು ಬೆಳಗ್ಗೆಯಿಂದ ತೆಗೆದೇ ಇರತ್ತೆ, ಒಂದು ನರಪಿಳ್ಳೆ ಬರಲ್ಲ. ನಾಳೆ ಒಂದು ದಿನ ನಿನ್ ಪಬ್ ಮುಚ್ಚು."

ಪಬ್ಬಿನ ಒಡೆಯ ಕ್ಲೈವ್ ಗುಡರಮ್ ನಕ್ಕ. "ಮುಚ್ಚಿದ್ರೆ ಚರ್ಚಿಗೆ ಬರ್ತಾರೆ ಅಂದ್ಕೊಂಡ್ರಾ? ಮುಂದಿನ ಊರಿನ ಪಬ್ಬಿಗೆ ಓಡ್ತಾರೆ ಕಣ್ರೀ."

"ಹಂಗಾದ್ರೆ ಚರ್ಚ್ ಮುಚ್ಚೇ ಹೋಗ್ಲಿ ಬಿಡು. ಆಮೇಲೆ ನಿನ್ ಗಿರಾಕಿಗಳು ಮನೇಲಿ ಏನಂತ ಹೇಳಿ ಹೊರಡ್ತಾರೆ? 'ಹಳೇ ಚರ್ಚ್ ನೋಡ್ಕೊಂಡು ಬರ್ತೀನಿ' ಅಂತ ತಾನೇ ಹೆಂಡ್ತೀರಿಗೆ ಹೇಳಿ ಬರೋದು?"

ಕ್ಲೈವ್‌ನ ನಗು ನಿಂತಿತು. ಇಷ್ಟು ವರ್ಷದ ವ್ಯಾಪಾರದಲ್ಲಿ ಈ ಮಾತು ಅವನಿಗೆ ಹೊಳೆದೇ ಇರಲಿಲ್ಲ. ಒರೆಸುತ್ತಿದ್ದ ಗ್ಲಾಸನ್ನು ಕೆಳಗಿಟ್ಟು, "ಜನ ಚರ್ಚಿಗೆ ಬರ್ಬೇಕಂದ್ರೆ ಒಂದೇ ದಾರಿ. ನನ್ ಪೀಪಾಯಿ ಅಲ್ಲಿಗೆ ಬರ್ಬೇಕು" ಎಂದ.

"ದೇವರ ಮನೇಲಿ?"

"ದೇವರು ಬೇಡ ಅಂತಾನಾ? ಮದುವೆ ಮನೇಲಿ ನೀರನ್ನ ದ್ರಾಕ್ಷಾರಸ ಮಾಡಿ ಬಡಿಸ್ದೋನಲ್ವಾ ಅವನು."

ಮರುದಿನ ಪಬ್ಬಿನ ಬಾಗಿಲಿಗೆ 'ಇವತ್ತು ಬಿಯರ್ ಚರ್ಚಿನಲ್ಲಿ' ಎಂಬ ಹಲಗೆ ಬಿತ್ತು. ಅಷ್ಟೇ ಸಾಕಾಯಿತು. ಕೆಸರಿನ ಮಾತನ್ನು ಯಾರೂ ಎತ್ತಲಿಲ್ಲ. ಬೆಂಚುಗಳು ತುಂಬಿದವು. ಕಿಟಕಿ ಕಟ್ಟೆಯ ಮೇಲೆ ಒದ್ದೆ ಸಾಕ್ಸುಗಳು ಸಾಲುಗಟ್ಟಿದವು. ಪಾದ್ರಿ ನಿಂತು ಬೋಧಿಸುವ ಕಟ್ಟೆಯನ್ನು ಯಾರದೋ ನಾಯಿ ಹತ್ತಿ ಕುಳಿತಿತು. ಎರಡನೆಯ ಗ್ಲಾಸಿನ ಹೊತ್ತಿಗೆ ಒಬ್ಬಾಕೆ ಶಾಲೆಯಲ್ಲಿ ಕಲಿತ ಕೀರ್ತನೆಯೊಂದನ್ನು ಗುನುಗಿದಳು, ಪಕ್ಕದವನು ದನಿಗೂಡಿಸಿದ, ನೋಡುನೋಡುತ್ತ ಇಡೀ ಚರ್ಚು ಹಾಡತೊಡಗಿತು. ಹೆರಾಲ್ಡನನ್ನು ಮಣ್ಣು ಮಾಡಿದ ದಿನದಿಂದ ಆ ಸೂರಿನಡಿ ಅಷ್ಟು ಕಂಠಗಳು ಸೇರಿರಲಿಲ್ಲ. ಎನಿಡ್ ಕಂಬಕ್ಕೊರಗಿ ಅತ್ತೇಬಿಟ್ಟಳು.

ಬಿಷಪ್ಪರ ಕಚೇರಿಯಿಂದ ಬಂದಿದ್ದ ಆಲಿಸ್ಟರ್ ಪಿಮ್‌ನ ಕಣ್ಣೂ ಒದ್ದೆಯಾಗಿತ್ತು. ಕೈಯಲ್ಲಿ ಗ್ಲಾಸಿತ್ತು.

"ಮಿಸೆಸ್ ಥರ್ಟಲ್, ಈ ಕಟ್ಟಡಕ್ಕೆ ಬೀಗ ಹಾಕೋ ಪ್ರಶ್ನೇನೇ ಇಲ್ಲ," ಎಂದ.

ಎನಿಡ್ ಅವನ ಕೈ ಹಿಡಿದುಕೊಂಡಳು. "ನೀವು ನೂರ್ಕಾಲ ಚೆನ್ನಾಗಿರ್ಬೇಕು."

"ಇದನ್ನ ಏನು ಮಾಡೋದು ಅಂತ ನಾವು ತಲೆ ಕೆಡಿಸ್ಕೊಂಡಿದ್ವಿ. ನೀವೇ ದಾರಿ ತೋರಿಸ್ಕೊಟ್ರಿ. ಬಿಯರ್ ಕಂಪನಿಯವರು ಇಂಥದೊಂದು ಜಾಗ ಕೇಳ್ತಾನೇ ಇದಾರೆ. ಆ ಬಲಿಪೀಠ ಇದೆಯಲ್ಲ, ಕೌಂಟರಿಗೆ ಹೇಳಿ ಮಾಡಿಸಿದ ಹಾಗಿದೆ."

ಎನಿಡ್ ಕೈ ಬಿಟ್ಟಳು. "ಹೊರಗೆ ನನ್ ಹೆರಾಲ್ಡ್ ಮಲಗಿದಾನೆ."

"ಗೋಡೆ ಪಕ್ಕದ ಕಲ್ಲು ತಾನೇ? ಟೇಬಲ್ ಹಾಕೋಕೆ ಅವರಿಂದ ಏನೂ ತೊಂದರೆ ಇಲ್ಲ."

ಪೀಪಾಯಿಯ ನಲ್ಲಿ ತಿರುಗಿಸುತ್ತಿದ್ದ ಕ್ಲೈವ್ ಅದನ್ನು ಬಿಟ್ಟು ಬಂದ. "ಸ್ವಾಮಿ, ಎದುರಿಗೇ ನನ್ ಪಬ್ ಇದೆಯಲ್ಲ?"

"ಬರುವಾಗ ನೋಡಿದೆ. ಒಬ್ಬರೂ ಇಲ್ಲ, ಎಂಥಾ ಪ್ರಶಾಂತ," ಎಂದ ಪಿಮ್ ಭಕ್ತಿಯಿಂದ. "ಭಾನುವಾರದ ಪ್ರಾರ್ಥನೆಗೆ ಅಂಥ ಜಾಗ ಸಿಗೋದು ಕಷ್ಟ."

ವರ್ಷ ತುಂಬುವುದರೊಳಗೆ ಚರ್ಚಿಗೆ ಬಾರು ಬಂತು. ಗಿರಾಕಿಗಳಿಲ್ಲದೆ ಕ್ಲೈವ್‌ನ ಬಿಯರು ಹುಳಿತುಹೋಯಿತು. ಕಚೇರಿ ಕೊಡುವ ಅಷ್ಟಿಷ್ಟು ಬಾಡಿಗೆಗೆ ಅವನ ಪಬ್ಬಿಗೆ ಪ್ರಾರ್ಥನೆ ಬಂತು, ಅದರ ಹಿಂದೆಯೇ ಕೆಟಲ್ ಹಿಡಿದು ಎನಿಡ್ ಬಂದಳು.

ಬೇಸಿಗೆಯಲ್ಲಿ ಕಾಲುದಾರಿಯಿಂದ ಬಂದ ಒಂದು ಗುಂಪು 'ಮೂರು ಬಂಗುಡೆ'ಯ ಮುಂದೆ ನಿಂತು, ಕತ್ತೆತ್ತಿ ಸೂರಿನ ತೊಲೆ ನೋಡಿ, "ಟ್ಯೂಡರ್ ಕಾಲದ್ದು" ಎಂದು ತಮ್ಮತಮ್ಮಲ್ಲೇ ಒಪ್ಪಿಕೊಂಡು, ಫೋಟೊ ತೆಗೆದುಕೊಂಡಿತು. ಬಾಗಿಲಲ್ಲಿ ನಿಂತಿದ್ದ ಕ್ಲೈವ್, "ಒಳಗೆ ಬನ್ನಿ, ಟೀ ಇದೆ" ಎಂದ.

"ಅಯ್ಯೋ, ಬೂಟೆಲ್ಲ ಕೆಸರು," ಎಂದು ಅವರು ಚರ್ಚಿನತ್ತ ಹೊರಟರು.

ಒಳಗೆ ಕುಳಿತಿದ್ದ ಎನಿಡ್ ಪ್ರಾರ್ಥನೆ ಪುಸ್ತಕದಿಂದ ತಲೆಯೆತ್ತದೆ ಹೇಳಿದಳು: "ಇನ್ನೂ ಸ್ವಲ್ಪ ಜೋರಾಗಿ ಕರಿ. ಮೊದಮೊದಲು ನಂಗೂ ನಾಚಿಕೆ ಆಗ್ತಿತ್ತು."