ರೂಢಿ ಬಿಡದ ಕಾರು

ಹುಬ್ಬಳ್ಳಿಯ ಹಳೇ ಕಾರಿನ ಅಂಗಡಿಯಲ್ಲಿ ನೀಲವ್ವನ ಕೈಗೆಟುಕುವಂಥದ್ದು ಒಂದೇ ಇತ್ತು, ಪುಟ್ಟ ಕೆಂಪು ಕಾರು. ಮಂಡಿನೋವಿನ ಗಂಡನನ್ನು ಬಸ್ಸು ಹತ್ತಿಸುವುದು ಇನ್ನು ಅವಳಿಂದಾಗುತ್ತಿರಲಿಲ್ಲ.

"ಇಷ್ಟು ಸೋವಿ ಯಾಕ್ರೀ?" ಎಂದು ಕೇಳಿದಳು.

"ಹಳೇ ಮಾಲಕರ ರೂಢಿ ಅಳಿಸಿಲ್ರೀ ಅಕ್ಕಾರ, ಅದಕ್ಕ ಭಾಳ ಖರ್ಚು ಬರ್ತೈತಿ," ಎಂದ ಅಂಗಡಿಯ ಬಸಯ್ಯ. "ದಿನಾ ಸಂಜಿಗೆ ಒಂದ್ ಮನಿ ಮುಂದ ಹೋಗಿ ನಿಂದರತೈತಿ. ಸ್ವಲ್ಪ ಹೊತ್ತು ಸುಮ್ನ ಕುಂದರ್ರಿ, ತಾನ ಹೊಳ್ಳತೈತಿ."

ಹಳೇ ಕಾರೆಂದರೆ ಇಂಥದ್ದೇನಾದರೂ ಇದ್ದದ್ದೇ. ಅವಳ ತಮ್ಮನ ಕಾರಂತೂ ಟಾಕೀಸು ಕಂಡರೆ ಮುಂದೆ ಹೋಗಲು ಒಪ್ಪುತ್ತಿರಲಿಲ್ಲ. ನೀಲವ್ವ ಕೊಂಡುಕೊಂಡಳು.

ಆ ಸಂಜೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಯಿಂದ ಬರುವಾಗ, ಕಾರು ಅವಳ ಮಾತು ಕೇಳದೆ ಒಂದು ಗೇಟಿನ ಮುಂದೆ ನಿಂತು ಮೆಲ್ಲಗೆ ಹಾರ್ನ್ ಹೊಡೆಯಿತು. ಚಪ್ಪಲಿಯನ್ನೂ ಮೆಟ್ಟದೆ ಮುದುಕಿಯೊಬ್ಬಳು ಓಡೋಡಿ ಬಂದಳು. ಚಾಲಕಿಯ ಮುಖ ಕಂಡು ಗೇಟು ಹಿಡಿದು ನಿಂತುಬಿಟ್ಟಳು.

"ನನ್ನ ಗೆಳತಿ ಸರೋಜನ ಕಾರು ಇದು ಯವ್ವಾ. ಆಕಿ ಹ್ವಾದ ಮ್ಯಾಲ ಮಾರಿದ್ರು. ದಿನಾ ಇಬ್ರೂ ಕೆರಿ ದಂಡಿಗೆ ಹೋಗತಿದ್ವಿ."

ನೀಲವ್ವನ ಗಂಡ ನರಳುತ್ತಲೇ ಹಿಂದಕ್ಕೆ ಕೈಚಾಚಿ ಬಾಗಿಲು ತೆರೆದ.

"ಚಪ್ಪಲಿ ಹಾಕ್ಕೊಂಡ್ ಬರ್ರಿ ಆಯೀ," ಎಂದ. "ನಾವೂ ಕೆರಿ ನೋಡಿ ಭಾಳ ದಿನ ಆತು."