ಕೇಳಿ ನೋಡಿದ ಮೇಲೆ

"ಇದು ಹಳೇ ಕಂಪೈಲರ್ ರೀ ಮಾವಾರ, ಹೊಸಾ ಸೌಲಭ್ಯ ಇದಕ್ಕ ಗೊತ್ತಿರಂಗಿಲ್ಲ," ಎಂದು ಪ್ರತಿಮಾ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಆ ತಂತ್ರಾಂಶದ ಹೆಸರನ್ನು ತನ್ನ ಕೋಡಿಗೆ ಹೊಂದುವ ಕಂಪೈಲರುಗಳ ಪಟ್ಟಿಯಿಂದ ಅಳಿಸಹೊರಟಳು. ಅಳಿಸಿದರೆ ಅವಳು ಬರೆದ ಕೋಡಿನ ಲೈಬ್ರರಿ ತೇರದಾಳದ ಕಾಲೇಜಿನ ಹಳೆಯ ಕಂಪ್ಯೂಟರುಗಳಲ್ಲಿ ನಡೆಯುತ್ತಿರಲಿಲ್ಲ.

"ಅದನ್ನ ಕೇಳಿ ನೋಡೀಯೇನವಾ, ಇಲ್ಲಾ ವಯಸ್ಸು ನೋಡಿ ಹೇಳಾಕತ್ತೀಯೋ?" ಎಂದ ಮಾವ ಅಮಸಿದ್ದಪ್ಪ.

ಪ್ರತಿಮಾ ನಕ್ಕು, ಆ ಸೌಲಭ್ಯವನ್ನು ಬಳಸುವ ಮೂರು ಸಾಲು ಬರೆದು ಪರೀಕ್ಷಿಸಿದಳು. ಕಂಪೈಲರ್ ಒಂದು ತಪ್ಪನ್ನೂ ತೋರಿಸದೆ ಒಪ್ಪಿಕೊಂಡಿತು. ಅವಳ ಕಣ್ಣು ಗೋಡೆಯತ್ತ ಹೋಯಿತು. ಅತ್ತೆ ಹೊಳೆವ್ವ ತೀರಿಕೊಂಡಾಗಿನಿಂದ ಮಾವನ ಡೊಳ್ಳು ಗೂಟದಲ್ಲೇ ಇತ್ತು. ವಯಸ್ಸಾದ ಅವನಿಂದ ಇನ್ನು ಆಗದೆಂದು, ಅವನನ್ನು ಕೇಳದೆಯೇ, ಊರವರು ಬೀರೇಶ್ವರನ ಜಾತ್ರೆಯ ಡೊಳ್ಳಿನ ಸೇವೆಗೆ ಬೇರೆಯವರನ್ನು ಗೊತ್ತು ಮಾಡಿದ್ದರು.

"ಮಾವಾರ, ಈ ಸಲ ನೀವ ಬಾರಿಸ್ತೀರೇನ್ರಿ?"

"ನೋಡೂಣ ತಡಿಯವಾ," ಎಂದು ಅಮಸಿದ್ದಪ್ಪ ಡೊಳ್ಳು ಇಳಿಸಿದ. ಸಡಿಲಾಗಿದ್ದ ಹಗ್ಗ ಬಿಗಿದು, ಒಂದೇ ಪೆಟ್ಟು ಹಾಕಿ ಕಿವಿಗೊಟ್ಟ.