ತಲೆಯ ಪಾಲು

ಮಾವನೆದುರು ಇವತ್ತಾದರೂ ಬಾಯಿ ಬಿಟ್ಟೇನೆ ಎಂಬ ಅಳುಕನ್ನು ಡೈರಿಯಲ್ಲಿ ಬರೆದಿಟ್ಟೇ ದೇಚಮ್ಮ ಬೇಟೆಗೆ ಹೊರಟಳು. ಬೆನ್ನುಮೂಳೆಯ ಆಪರೇಷನ್ ಆದಮೇಲೆ ಬೆನ್ನಿಗೆ ಚೀಲ ಹಾಕುವ ಹಾಗಿರಲಿಲ್ಲ. ಅಗಲವಾದ ಪಟ್ಟಿಗೆ ಜೇಬು ಹೊಲಿದು ತೋಟಾ, ಕತ್ತಿ, ನೀರು ಎಲ್ಲವನ್ನೂ ಸೊಂಟಕ್ಕೇ ಬಿಗಿದುಕೊಂಡಿದ್ದಳು.

"ಬೇಟೆಗೆ ಬಂದೆಯೋ, ಬಸ್ಸಲ್ಲಿ ಟಿಕೆಟ್ ಹರಿಯೋಕೆ ಬಂದೆಯೋ?" ಎಂದು ಬೆನ್ನಿಗೆ ಚೀಲ ಹಾಕಿದ್ದ ಮಾವ ದಾರಿಯುದ್ದಕ್ಕೂ ಎಲ್ಲರನ್ನೂ ನಗಿಸಿದರು.

ಮಾವ, ದೇಚಮ್ಮ ಇಬ್ಬರೇ ಮುಂದೆ ಹೋಗಿದ್ದಾಗ ಪೊದೆಯಿಂದ ಹಂದಿ ನುಗ್ಗಿತು. ಒಂದೇ ಗುಂಡಿಗೆ ಉರುಳಿತು. ಹಿಂದಿದ್ದವರು ಓಡಿ ಬಂದರು.

"ಯಾರ ಗುಂಡು?"

"ಇನ್ಯಾರದು, ನನ್ನದೇ," ಎಂದರು ಮಾವ. "ಹೊಡೆದವನಿಗೆ ಹಂದಿಯ ತಲೆ, ಮರೀಬೇಡಿ. ಪಾಪ, ಈ ಮಗು ಹೆದರಿ ಕೂತುಬಿಟ್ಟಿತ್ತು."

ದೇಚಮ್ಮ ಮಾವನತ್ತ ತಿರುಗಿದಳು.

"ನಿಮ್ಮ ತೋಟಾ ಎಲ್ಲ ಇನ್ನೂ ಬೆನ್ನ ಮೇಲಿನ ಚೀಲದಲ್ಲೇ ಇದೆ ಮಾವ, ಬಿಚ್ಚಿ ತೋರಿಸಿ."